ಪ್ರಾರ್ಥನೆಯಲ್ಲಿ ಕಲ್ಪನೆಗೆ ಎಷ್ಟು ಜಾಗ?

ಪ್ರಶ್ನೆ: ನಾನು ಬೆಂಗಳೂರಿನ ಸಿ.ಎಸ್.ಐ. ಎಂಬ ಪ್ರೊಟೆಸ್ಟಂಟ್ ಪಂಗಡದ ಸಭೆಯೊಂದರ ಸದಸ್ಯೆ. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಕಥೋಲಿಕ ಗೆಳತಿಯ ಒತ್ತಾಯಕ್ಕೆ ಎರಡು ದಿನದ ಧ್ಯಾನಕೂಟಕ್ಕೆ ಹೋಗಿದ್ದೆ. ಅಲ್ಲಿ ಮಾರ್ಕನ ಸುವಾರ್ತೆಯಿಂದ, ದಾರಿಬದಿಯಲ್ಲಿ ಕುಳಿತು ಯೇಸುವನ್ನು ಕೂಗಿ ಕರೆದ ಕುರುಡ ಭಿಕ್ಷುಕ ಬಾರ್ತಿಮಾಯನ ಪ್ರಸಂಗವನ್ನು ಓದಿ, ಕಣ್ಣು ಮುಚ್ಚಿ, ಆ ದಾರಿಯಲ್ಲಿ ನಾವೂ ನಿಂತಿರುವಂತೆ ಭಾವಿಸಿಕೊಳ್ಳಲು ಹೇಳಿದರು. ನನಗೆ ಏನೂ ಕಾಣಿಸಲಿಲ್ಲ. ಆಮೇಲೆ ಹಾಳೆ, ಕ್ರೇಯಾನ್ ಕೊಟ್ಟು ತೋಚಿದ್ದನ್ನು ಬರೆಯಿರಿ ಎಂದರು. ಬರೆಯುತ್ತಾ ಹೋದಂತೆ ಗುಂಪಿನಲ್ಲಿ ಒಬ್ಬ ಹೆಂಗಸು ಮೂಡಿದಳು. ಬಾಯಿಯ ಮೇಲೆ ಬೆರಳಿಟ್ಟು ಕುರುಡನನ್ನು ಸುಮ್ಮನಿರಿಸುತ್ತಿದ್ದಾಳೆ. ಅವಳ ಸೀರೆಯ ಬಣ್ಣ ನಾನು ಅಂದು ಉಟ್ಟಿದ್ದ ಸೀರೆಯದ್ದೇ. ಸಭೆಯ ಹಿರಿಯರಾದ ನನ್ನ ಚಿಕ್ಕಪ್ಪನವರಿಗೆ ಇದನ್ನು ಹೇಳಿದಾಗ, ವಾಕ್ಯಕ್ಕೆ ಚಿತ್ರ ಸೇರಿಸುವುದು ವಿಗ್ರಹಾರಾಧನೆಯ ಮೊದಲ ಮೆಟ್ಟಿಲು ಎಂದರು. ಅದು ಸರಿಯೇ? ನಾನು ಬರೆದದ್ದು ನನ್ನ ಮನಸ್ಸಿನ ಸೃಷ್ಟಿಯೋ, ದೇವರ ಮಾತೋ? ಕಣ್ಣು ಮುಚ್ಚಿದರೆ ಏನೂ ಕಾಣದವರಿಗೆ ಈ ದಾರಿ ಅಲ್ಲವೇ? (ಬರವಣಿಗೆ ಅಡ್ಡಾದಿಡ್ಡಿಯಾಗಿದ್ದರೆ ಕ್ಷಮಿಸಿ. ಹಾಸಿಗೆ ಹಿಡಿದಿರುವ ಅತ್ತೆಯವರು ಹತ್ತು ನಿಮಿಷಕ್ಕೊಮ್ಮೆ ಕರೆಯುತ್ತಾರೆ. ನಾಲ್ಕು ಸಲ ಎದ್ದುಹೋಗಿ ಬಂದು ಬರೆದ ಪತ್ರವಿದು.)

ಉತ್ತರ: ನಿಮ್ಮ ಚಿಕ್ಕಪ್ಪನವರ ಮಾತಿನಿಂದಲೇ ಆರಂಭಿಸುತ್ತೇನೆ. ಅದನ್ನು ಹಳೆಯ ಕಾಲದವರ ಹಟವೆಂದು ಬದಿಗೆ ಸರಿಸುವುದು ಸುಲಭ, ಆದರೆ ನ್ಯಾಯವಲ್ಲ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದ ಆಜ್ಞೆ ಬಹಳ ಸ್ಪಷ್ಟವಾಗಿದೆ: ಆಕಾಶದಲ್ಲಾಗಲಿ ಭೂಮಿಯಲ್ಲಾಗಲಿ ಇರುವ ಯಾವುದರ ರೂಪವನ್ನೂ ಮಾಡಿಕೊಂಡು ಅದಕ್ಕೆ ಅಡ್ಡಬೀಳಬಾರದು. ಹಾಗೆಂದು ಅದೇ ಪುಸ್ತಕದ 25ನೆಯ ಅಧ್ಯಾಯದಲ್ಲಿ ಮಂಜೂಷದ, ಅಂದರೆ ಪವಿತ್ರ ಪೆಟ್ಟಿಗೆಯ, ಮೇಲೆ ಬಂಗಾರದ ಎರಡು ಕೆರೂಬಿಗಳನ್ನು (ರೆಕ್ಕೆಯುಳ್ಳ ದೇವದೂತರ ರೂಪಗಳನ್ನು) ಮಾಡಬೇಕೆಂಬ ಅಪ್ಪಣೆಯೂ ಇದೆ. 31ನೆಯ ಅಧ್ಯಾಯದಲ್ಲಿ ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆದು, ಲೋಹದ ಕೆಲಸಕ್ಕೂ ಮರದ ಕೆತ್ತನೆಗೂ ಬೇಕಾದ ಜಾಣ್ಮೆಯನ್ನು ತನ್ನ ಆತ್ಮದಿಂದಲೇ ತುಂಬಿದನೆಂದು ಬರೆದಿದೆ. ಕೈಯ ಕಸುಬು ಪವಿತ್ರಾತ್ಮನ ವರವೆಂದು ಹೇಳುವ ಗ್ರಂಥವೇ ಕೈಯ ಸೃಷ್ಟಿಗೆ ಅಡ್ಡಬೀಳಬೇಡವೆಂದೂ ಹೇಳುತ್ತದೆ. ಈ ಎರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗುವುದು ತಾಮ್ರದ ಸರ್ಪದ ಕಥೆಗೆ. ಅರಣ್ಯಕಾಂಡದ 21ನೆಯ ಅಧ್ಯಾಯದಲ್ಲಿ, ಹಾವು ಕಚ್ಚಿ ಸಾಯುತ್ತಿದ್ದ ಜನರಿಗಾಗಿ ಮೋಶೆ ದೇವರ ಅಪ್ಪಣೆಯಂತೆ ತಾಮ್ರದ ಸರ್ಪವೊಂದನ್ನು ಮಾಡಿ ಕಂಬದ ಮೇಲೆ ಏರಿಸುತ್ತಾನೆ. ಅದನ್ನು ನೋಡಿದವರು ಬದುಕುತ್ತಾರೆ. ನೂರಾರು ವರ್ಷಗಳ ಅನಂತರ, ಅರಸುಗಳು ಎರಡನೆಯ ಪುಸ್ತಕದ 18ನೆಯ ಅಧ್ಯಾಯದಲ್ಲಿ, ಅರಸನಾದ ಹಿಜ್ಕೀಯನು ಅದೇ ಸರ್ಪವನ್ನು ಚೂರುಚೂರು ಮಾಡಿಸುತ್ತಾನೆ, ಏಕೆಂದರೆ ಅಷ್ಟರಲ್ಲಿ ಜನ ಅದಕ್ಕೆ ಧೂಪ ಹಾಕತೊಡಗಿದ್ದರು. ಮಾಡಿಸಿದ್ದೂ ಭಕ್ತಿ, ಒಡೆಸಿದ್ದೂ ಭಕ್ತಿ. ಕಥೆ ಅಲ್ಲಿಗೇ ಮುಗಿದಿದ್ದರೆ ನಿಮ್ಮ ಚಿಕ್ಕಪ್ಪನವರ ಪಕ್ಷ ಗೆದ್ದಿತೆನ್ನಬಹುದಿತ್ತು. ಆದರೆ ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ, ರಾತ್ರಿ ಹೊತ್ತು ಬಂದ ನಿಕೊದೇಮನಿಗೆ ತನ್ನ ಮರಣದ ಅರ್ಥವನ್ನು ತಿಳಿಸುವಾಗ ಯೇಸು ಎತ್ತಿಕೊಂಡದ್ದು ಆ ಸರ್ಪವನ್ನೇ. ಲೋಹ ಪುಡಿಯಾಗಿ ಸುಮಾರು ಏಳು ಶತಮಾನಗಳು ಕಳೆದಿದ್ದರೂ ಅದರ ರೂಪ ಕೇಳುಗನ ಮನಸ್ಸಿನಲ್ಲಿ ಉಳಿದಿತ್ತು, ಮತ್ತು ಶಿಲುಬೆಯನ್ನು ವಿವರಿಸಲು ಬೇಕಾದದ್ದು ಆ ಮನಸ್ಸಿನೊಳಗಿನ ರೂಪವೇ. ಸರ್ಪವನ್ನು ಮಾಡಿದ್ದು ತಪ್ಪಾಗಿರಲಿಲ್ಲ; ಜನರ ನೋಟ ಅದನ್ನು ದಾಟದೆ ಅಲ್ಲೇ ನಿಂತದ್ದು ತಪ್ಪಾಯಿತು.

ಕ್ರೈಸ್ತ ಸಭೆ ಇದೇ ಜಗಳವನ್ನು ಎಂಟನೆಯ ಶತಮಾನದಲ್ಲಿ ಸಾಮ್ರಾಜ್ಯವೇ ಅಲುಗಾಡುವಷ್ಟು ಜೋರಾಗಿ ಆಡಿತು. ಪಾಠ ಮಾಡುವಾಗ ನಾನು ಇದಕ್ಕೆ ಎರಡು ಗಂಟೆ ತೆಗೆದುಕೊಳ್ಳುತ್ತೇನೆ. ಇಲ್ಲಿ ಕೆಲವು ಸಾಲು ಸಾಕು. ಬೈಜಾಂಟಿಯಂನ ಚಕ್ರವರ್ತಿ ಮೂರನೆಯ ಲಿಯೋ ಪವಿತ್ರ ಚಿತ್ರಗಳನ್ನು ತೆಗೆಸಲು ಹೊರಟಾಗ, ಅವನ ಕೈಗೆ ಸಿಗದಂತೆ ಮುಸ್ಲಿಂ ಆಳ್ವಿಕೆಯ ನಾಡಿನಲ್ಲಿದ್ದ ದಮಸ್ಕದ ಯೋಹಾನನು ಮೂರು ಪ್ರಬಂಧಗಳಲ್ಲಿ ಉತ್ತರ ಕೊಟ್ಟನು. ದೇವರು ಶರೀರಧಾರಿಯಾಗಿ ಬಂದ ಮೇಲೆ ಕಣ್ಣಿಗೆ ಕಂಡದ್ದನ್ನು ಚಿತ್ರಿಸಬಹುದು, ನಾನು ಜಡವಸ್ತುವನ್ನು ಆರಾಧಿಸುವುದಿಲ್ಲ, ನನಗಾಗಿ ಜಡವಸ್ತುವಿನ ರೂಪ ತಳೆದ ಸೃಷ್ಟಿಕರ್ತನನ್ನು ಆರಾಧಿಸುತ್ತೇನೆ ಎಂಬುದು ಅವನ ವಾದದ ತಿರುಳು. 787ರಲ್ಲಿ ನೈಸಿಯಾದಲ್ಲಿ ಸೇರಿದ ಎರಡನೆಯ ಮಹಾಸಭೆ ಅದನ್ನು ಒಪ್ಪಿ, ಚಿತ್ರಕ್ಕೆ ಸಲ್ಲುವ ಗೌರವ ಬೇರೆ, ದೇವರಿಗೆ ಮಾತ್ರ ಸಲ್ಲುವ ಆರಾಧನೆ ಬೇರೆ ಎಂದು ವಿಂಗಡಿಸಿತು. ಇದು ಕಥೋಲಿಕರ ಮತ್ತು ಆರ್ಥೊಡಾಕ್ಸರ ಮಾತಾಯಿತು ಎಂದು ನಿಮ್ಮ ಚಿಕ್ಕಪ್ಪ ಹೇಳಬಹುದು, ಹಾಗಾಗಿ ಅವರದೇ ಮನೆತನದ ಹಿರಿಯರನ್ನು ಕರೆಯುತ್ತೇನೆ. 1522ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಚಿತ್ರಗಳನ್ನು ತೆಗೆದುಹಾಕುವ ಗದ್ದಲ ಎದ್ದಾಗ, ಅಡಗುದಾಣದಿಂದ ಮರಳಿ ಬಂದು ಅದನ್ನು ತಣ್ಣಗಾಗಿಸಿದವನು ಪ್ರೊಟೆಸ್ಟಂಟ್ ಸುಧಾರಣೆಯ ಮೊದಲಿಗ ಮಾರ್ಟಿನ್ ಲೂಥರನೇ. 1525ರ ಬರಹದಲ್ಲಿ ಅವನು ಇನ್ನೂ ಮುಂದೆ ಹೋಗುತ್ತಾನೆ: ಕ್ರಿಸ್ತನ ಕಥೆ ಕೇಳಿದ ಕೂಡಲೇ, ನಾನು ಬಯಸಲಿ ಬಿಡಲಿ, ಶಿಲುಬೆಯ ಮೇಲೆ ತೂಗುತ್ತಿರುವ ಮನುಷ್ಯನ ರೂಪ ನನ್ನ ಹೃದಯದಲ್ಲಿ ಮೂಡುತ್ತದೆ, ನೀರಿನಲ್ಲಿ ಬಗ್ಗಿ ನೋಡಿದಾಗ ನನ್ನ ಮುಖ ಮೂಡುವಂತೆ, ಹೃದಯದಲ್ಲಿ ಇರುವುದು ಪಾಪವಲ್ಲವಾದರೆ ಕಣ್ಣೆದುರು ಇರುವುದು ಹೇಗೆ ಪಾಪವಾದೀತು? ಇನ್ನೊಬ್ಬ ಪ್ರೊಟೆಸ್ಟಂಟ್ ಸುಧಾರಕ ಕಾಲ್ವಿನ್ ಇದನ್ನು ಒಪ್ಪುತ್ತಿರಲಿಲ್ಲ. ಮನುಷ್ಯನ ಮನಸ್ಸು ಎಡೆಬಿಡದೆ ವಿಗ್ರಹಗಳನ್ನು ತಯಾರಿಸುವ ಕಾರ್ಖಾನೆ ಎಂದ ಅವನೇ, ಅದೇ ಗ್ರಂಥದ ಅದೇ ಅಧ್ಯಾಯದಲ್ಲಿ, ಚಿತ್ರಕಲೆ ಮತ್ತು ಶಿಲ್ಪ ದೇವರ ವರಗಳು ಎಂದೂ ಬರೆದಿದ್ದಾನೆ. ನನಗೆ ಕಾಲ್ವಿನ್ನನ ಎಚ್ಚರಿಕೆ ಲೂಥರನ ಉದಾರತೆಯಷ್ಟೇ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಆ ಕಾರ್ಖಾನೆಗೆ ಬಣ್ಣವೂ ಬೇಡ, ಉಳಿಯೂ ಬೇಡ.

ಒಂದು ಸಣ್ಣ ಕೆಲಸ ಮಾಡಿ. ಮುಂದಿನ ಸಲ ಚಿಕ್ಕಪ್ಪನವರ ಮನೆಗೆ ಹೋದಾಗ ಗೋಡೆಯ ಕ್ಯಾಲೆಂಡರ್ ನೋಡಿ. ನಮ್ಮ ಊರಿನ ಕ್ರೈಸ್ತ ಮನೆಗಳಲ್ಲಿ, ಪಂಗಡ ಯಾವುದೇ ಇರಲಿ, ಕಾಣುವ ಕಂದು ಕೂದಲಿನ, ಮೃದುವಾದ ಬೆಳಕು ಬಿದ್ದ, ಎಲ್ಲೋ ದೂರಕ್ಕೆ ನೋಡುವ ಯೇಸುವಿನ ಮುಖವು 1940ರಲ್ಲಿ ಚಿಕಾಗೋದ ವಾರ್ನರ್ ಸಾಲ್ಮನ್ ಬರೆದ ಚಿತ್ರದ್ದು, ಇಲ್ಲವೇ ಅದರ ಹತ್ತಿರದ ನೆಂಟನದ್ದು. ಸುವಾರ್ತೆಗಳಲ್ಲಿ ಯೇಸುವಿನ ಮುಖದ ವರ್ಣನೆ ಒಂದು ಸಾಲೂ ಇಲ್ಲ. ಆದರೂ ಯೇಸು ಎಂದ ಕೂಡಲೇ ನಮ್ಮೊಳಗೆ ಆ ಮುಖ ಏಳುತ್ತದೆ. ನಾನು ಯಾವ ಚಿತ್ರವನ್ನೂ ಇಟ್ಟುಕೊಂಡಿಲ್ಲ ಎನ್ನುವವರು ಸಾಮಾನ್ಯವಾಗಿ ಪರೀಕ್ಷಿಸದ ಚಿತ್ರವೊಂದನ್ನು ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಪ್ರಾರ್ಥನೆಗೆ ಕಲ್ಪನೆಯನ್ನು ಸೇರಿಸಬೇಕೇ ಬೇಡವೇ ಎಂಬ ಪ್ರಶ್ನೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಅದು ಈಗಾಗಲೇ ಒಳಗಿದೆ. ಒಳಗಿರುವುದು ನಮ್ಮನ್ನು ತಿದ್ದಲು ಬಿಡುತ್ತದೆಯೇ, ನಾವು ಅದನ್ನು ತಿದ್ದಿಕೊಳ್ಳಲು ಸಿದ್ಧರಿದ್ದೇವೆಯೇ ಎಂದು ಕೇಳಬೇಕು.

ಇಲ್ಲಿಗೆ ನಿಮ್ಮ ಎರಡನೆಯ ಪ್ರಶ್ನೆ ಬರುತ್ತದೆ. ನಮ್ಮ ಆಡುಮಾತಿನಲ್ಲಿ "ಅದೆಲ್ಲ ನಿನ್ನ ಕಲ್ಪನೆ" ಎಂದರೆ ಸುಳ್ಳು ಎಂದೇ ಅರ್ಥ, ಹಾಗಾಗಿ ನನ್ನ ಮನಸ್ಸಿನ ಸೃಷ್ಟಿಯಾದರೆ ಅದು ದೇವರದ್ದಲ್ಲ ಎಂದು ನೀವು ಮೊದಲೇ ತೀರ್ಮಾನಿಸಿದಂತಿದೆ. ಆದರೆ ಧ್ಯಾನಕೂಟದಲ್ಲಿ ನಿಮಗೆ ಹೇಳಿದ್ದು "ಭಾವಿಸಿಕೊಳ್ಳಿ" ಎಂದು, ಮತ್ತು ಭಾವಿಸು ಎಂಬ ಕನ್ನಡದ ಕ್ರಿಯಾಪದದಲ್ಲಿ ಊಹಿಸುವುದೂ, ತಿಳಿಯುವುದೂ, ಮನಸ್ಸಿನಲ್ಲಿ ನೆಲೆಗೊಳಿಸುವುದೂ ಒಟ್ಟಿಗೇ ಇವೆ. ಮನಸ್ಸು ಸೃಷ್ಟಿಸಿತು ಎಂಬ ಒಂದೇ ಕಾರಣಕ್ಕೆ ಯಾವುದೂ ಸುಳ್ಳಾಗುವುದಿಲ್ಲ. ದೇವರು ಮಾತನಾಡಲು ನಿಮ್ಮ ಮನಸ್ಸಲ್ಲದೆ ಬೇರೆ ಯಾವ ಮನಸ್ಸನ್ನು ಬಳಸಬೇಕು?

ಹಾಗಾದರೆ ತೂಗಿ ನೋಡುವುದು ಹೇಗೆ? ಇದಕ್ಕೆ ಉತ್ತರ ಕಂಡುಕೊಂಡವನು ಹಾಸಿಗೆ ಹಿಡಿದಿದ್ದ ಒಬ್ಬ ಸೈನಿಕ. 1521ರಲ್ಲಿ ಸ್ಪೇನಿನ ಪಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಇಗ್ನೇಷಿಯಸ್, ಲೊಯೋಲಾದ ಮನೆಯಲ್ಲಿ ಮಲಗಿ, ಓದಲು ವೀರರ ಸಾಹಸದ ಕಥೆಗಳನ್ನು ಕೇಳಿದನು. ಮನೆಯಲ್ಲಿ ಅವು ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆ. ಅವನ ಹಗಲುಗನಸುಗಳು ಎರಡು ಬಗೆಯವಾದವು. ಒಂದರಲ್ಲಿ ಗಂಟೆಗಟ್ಟಲೆ ಒಬ್ಬ ಕುಲೀನ ಸ್ತ್ರೀಯ ಸೇವೆಯಲ್ಲಿ ಪರಾಕ್ರಮ ತೋರುವ ಕನಸು, ಇನ್ನೊಂದರಲ್ಲಿ ಫ್ರಾನ್ಸಿಸ್, ದೊಮಿನಿಕ್ ಮುಂತಾದ ಸಂತರಂತೆ ನಡೆಯುವ ಕನಸು. ಕಾಣುವಾಗ ಎರಡೂ ಸವಿಯಾಗಿಯೇ ಇದ್ದವು, ಇಲ್ಲಿಯೇ ಸೂಕ್ಷ್ಮವಿರುವುದು. ಮುಗಿದ ಮೇಲೆ ಮಾತ್ರ ಮೊದಲನೆಯದು ಅವನನ್ನು ಒಣಗಿಸಿ ಬಿಟ್ಟುಹೋಗುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಕ್ರೈಸ್ತ ಆಧ್ಯಾತ್ಮಿಕತೆಯಲ್ಲಿ ಪ್ರೇರಣೆಗಳನ್ನು ವಿವೇಚಿಸುವ ಒಂದು ಇಡೀ ವಿದ್ಯೆ ಈ ಎರಡು ಹಗಲುಗನಸುಗಳ ಹೋಲಿಕೆಯಿಂದ ಬೆಳೆಯಿತು. 1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆಯೊಂದಿಗೆ ಅಚ್ಚಾದ ಅವನ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯನ್ನೇ ನಿಮ್ಮ ಧ್ಯಾನಕೂಟದವರು, ಹೆಸರು ಹೇಳಿರಲಿ ಬಿಡಲಿ, ಅನುಸರಿಸಿದ್ದಾರೆ. ಬೆತ್ಲೆಹೇಮಿಗೆ ಹೋಗುವ ದಾರಿ ಎಷ್ಟು ಉದ್ದ, ಎಷ್ಟು ಅಗಲ, ಸಮತಟ್ಟೋ ಏರಿಳಿತವೋ ಎಂದು ಮನಸ್ಸಿನ ಕಣ್ಣಿನಿಂದ ನೋಡು ಎನ್ನುವ ಆ ಪುಸ್ತಕ, ನೋಡುತ್ತ ನಿಂತುಬಿಡಲು ಬಿಡುವುದಿಲ್ಲ. ನೋಡುವವನು ಯೇಸು ಹುಟ್ಟಿದ ಗವಿಯಲ್ಲಿ ಒಬ್ಬ ಬಡ ಆಳಿನಂತೆ ನಿಂತು ಕೈಲಾದ ಊಳಿಗ ಮಾಡಬೇಕು.

ಆಮೇಲಿನ ರುಚಿ ಎಂಬ ಈ ಅಳತೆಗೋಲಿನ ಪಕ್ಕದಲ್ಲಿ, ವರ್ಷಗಳಿಂದ ಇತರರ ಪ್ರಾರ್ಥನೆಗೆ ಕಿವಿಗೊಟ್ಟಿರುವ ಅನುಭವದಿಂದ ಇನ್ನೊಂದನ್ನು ಇಡುತ್ತೇನೆ. ನಿಮ್ಮ ಕಲ್ಪನೆಯ ಯೇಸು ನಿಮಗೆ ಒಪ್ಪದ ಮಾತನ್ನು ಎಂದಾದರೂ ಆಡಿದ್ದಾನೆಯೇ? ಆತ ಯಾವಾಗಲೂ ನಮ್ಮ ಪರವಾಗಿಯೇ ಇದ್ದು, ನಮ್ಮ ಸಿಟ್ಟಿಗೆ ತಲೆಯಾಡಿಸಿ, ನಮ್ಮ ಆಯ್ಕೆಗೆ ಸಹಿ ಹಾಕುತ್ತಿದ್ದರೆ, ಅದು ಕಾಲ್ವಿನ್ನನ ಕಾರ್ಖಾನೆಯ ಸರಕು. ಸಮುವೇಲ ಎರಡನೆಯ ಪುಸ್ತಕದ 12ನೆಯ ಅಧ್ಯಾಯದಲ್ಲಿ ಪ್ರವಾದಿ ನಾತಾನನು ದಾವೀದನಿಗೆ ನೇರವಾಗಿ ಬುದ್ಧಿ ಹೇಳಲಿಲ್ಲ. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿದನು. ತನ್ನ ಪಾಪ ಕಾಣದಿದ್ದ ಅರಸನಿಗೆ ಕಥೆಯೊಳಗಿನ ಅನ್ಯಾಯ ತಕ್ಷಣ ಕಂಡಿತು, ಕೋಪವೂ ಬಂತು, ಆಮೇಲೆ ಆ ಮನುಷ್ಯ ನೀನೇ ಎಂಬ ಮಾತಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನೀವು ಕ್ರೇಯಾನ್ ಹಿಡಿದು ಬರೆಯುವಾಗ ಕುರುಡನ ಜಾಗದಲ್ಲಿ ನಿಲ್ಲಬಹುದಿತ್ತು, ಯೇಸುವಿನ ಪಕ್ಕದಲ್ಲಿ ನಿಲ್ಲಬಹುದಿತ್ತು. ಬಹುತೇಕರು ಅಲ್ಲಿಯೇ ನಿಲ್ಲುತ್ತಾರೆ. ನಿಮ್ಮ ಕೈ ನಿಮ್ಮನ್ನು ಬಾಯಿ ಮುಚ್ಚಿಸುವವರ ಸಾಲಿನಲ್ಲಿ ನಿಲ್ಲಿಸಿತು, ಮತ್ತು ಆ ಸಾಲು ಮಾರ್ಕನ 10ನೆಯ ಅಧ್ಯಾಯದಲ್ಲಿ ಇದ್ದೇ ಇದೆ, ನೀವು ಸೇರಿಸಿದ್ದಲ್ಲ. ವಾಕ್ಯಕ್ಕೆ ಹೊರಗಿನದನ್ನು ತಂದು ಸೇರಿಸುವುದಕ್ಕೂ ವಾಕ್ಯದಲ್ಲಿ ಕಣ್ಣು ತಪ್ಪಿಸಿಕೊಂಡಿದ್ದ ಪದದ ಮೇಲೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸವನ್ನು ಚಿಕ್ಕಪ್ಪನವರಿಗೆ ಹೀಗೆ ತೋರಿಸಬಹುದು.

ಇನ್ನು ಕಣ್ಣು ಮುಚ್ಚಿದಾಗ ಏನೂ ಕಾಣದಿರುವ ವಿಷಯ. ಇದರಲ್ಲಿ ನಿಮಗೆ ಒಳ್ಳೆಯ ಜೊತೆಯಿದೆ. ಸ್ಪೇನಿನ ಸನ್ಯಾಸಿನಿ, ಅವಿಲಾದ ತೆರೇಸಾ ತನ್ನ ಆತ್ಮಚರಿತ್ರೆಯ 9ನೆಯ ಅಧ್ಯಾಯದಲ್ಲಿ, ಮನಸ್ಸಿನಲ್ಲಿ ರೂಪಗಳನ್ನು ಮೂಡಿಸಿಕೊಳ್ಳುವ ಶಕ್ತಿ ತನಗೆ ಬಹಳ ಕಡಿಮೆಯೆಂದು ಒಪ್ಪಿಕೊಳ್ಳುತ್ತಾಳೆ. ಕತ್ತಲೆಯಲ್ಲಿ ಕುಳಿತು ಯಾರೊಡನೆಯೋ ಮಾತನಾಡುವವಳಿಗೆ ಎದುರಿನವರು ಇದ್ದಾರೆಂದು ಖಚಿತವಾಗಿ ಗೊತ್ತು, ಆದರೆ ಕಾಣುವುದಿಲ್ಲ, ಕ್ರಿಸ್ತನ ವಿಷಯದಲ್ಲಿ ತನಗೆ ಆದದ್ದು ಹಾಗೆ ಎನ್ನುತ್ತಾಳೆ. ಆ ಕಾರಣಕ್ಕೇ ತನಗೆ ಚಿತ್ರಗಳೆಂದರೆ ಅಷ್ಟು ಪ್ರೀತಿ ಎಂದೂ ಸೇರಿಸುತ್ತಾಳೆ. ಮಠದಲ್ಲಿ ಹಬ್ಬವೊಂದಕ್ಕೆಂದು ತಂದಿರಿಸಿದ್ದ ಗಾಯಗೊಂಡ ಕ್ರಿಸ್ತನ ರೂಪವನ್ನು ಕಂಡು ಕುಸಿದು ಅತ್ತ ಗಳಿಗೆಯೇ ಅವಳ ಬದುಕಿನ ತಿರುವು. ಅದು 1554ರ ಸುಮಾರಿನ ಮಾತು. ಒಳಗಣ್ಣು ಮಂದವಾಗಿರುವವರಿಗೆ ಕೈಗೆ ಸಿಗುವ ಹಾಳೆ, ಕಣ್ಣಿಗೆ ಸಿಗುವ ಚಿತ್ರ, ಕಿವಿಗೆ ಸಿಗುವ ಹಾಡು ಬೇಕಾಗುತ್ತವೆ. ನಿಮಗೆ ಕೈಯ ಮೂಲಕ ಬಂತು, ಅಷ್ಟೇ.

ಹಾಡು ಎಂದಾಗ ಒಂದು ಮಾತು. ನಿಮ್ಮ ಸಭೆಯ ಗೋಡೆಗಳು ಖಾಲಿಯಿದ್ದರೂ ಅದು ಕಲೆಯಿಲ್ಲದ ಸಭೆಯಲ್ಲ. ಪ್ರೊಟೆಸ್ಟಂಟರ ಕಲ್ಪನೆ ಕಣ್ಣಿನಿಂದ ಕಿವಿಗೆ ವಲಸೆ ಹೋಯಿತು. ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಫರ್ಡಿನೆಂಡ್ ಕಿಟ್ಟೆಲ್ 1894ರ ನಿಘಂಟಿನಿಂದಾಗಿ ಎಲ್ಲ ಕನ್ನಡಿಗರಿಗೂ ಗೊತ್ತು, ಆದರೆ ಕ್ರಿಸ್ತನ ಕಥೆಯನ್ನು ಕನ್ನಡದ ದೇಸಿ ಛಂದಸ್ಸಿನಲ್ಲಿ ಹಾಡಿಕೊಳ್ಳುವಂತೆ "ಕಥಾಮಾಲೆ"ಯನ್ನು ಬರೆದ ಬಾಸೆಲ್ ಮಿಷನ್ನಿನ ಪಾದ್ರಿಯೂ ಅವರೇ ಎಂಬುದು ಕ್ರೈಸ್ತರಿಗೇ ಮರೆತಿದೆ. ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು "ಗೊಲ್ಗೊಥಾ" ಖಂಡಕಾವ್ಯದಲ್ಲಿ ಕಂಡರಿಸಿದರು. ಶುಭ ಶುಕ್ರವಾರದ ಆರಾಧನೆಗೆ ಮುನ್ನ ಅದನ್ನು ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ರೂಢಿ.

ನಮ್ಮ ಊರಿನಲ್ಲಿ ಈ ಚರ್ಚೆ ಇನ್ನೊಂದು ಮುಖ ತಾಳಿದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಹೋದವರು ಸೀರೆಯುಟ್ಟ ಮಾತೆಯನ್ನು ನೋಡಿರುತ್ತೀರಿ. 1882ರ ಗಾಥಿಕ್ ಕಟ್ಟಡದೊಳಗಿನ ಆ ಸೀರೆಯನ್ನು ಯಾವ ಸಮಿತಿಯೂ ತೀರ್ಮಾನಿಸಿದ್ದಲ್ಲ, ಭಕ್ತರ ಕಲ್ಪನೆ ತಾನಾಗಿ ಉಡಿಸಿದ್ದೆಂದು ನಾನು ತಿಳಿದಿದ್ದೇನೆ. ಅದನ್ನೇ ಒಬ್ಬ ಚಿತ್ರಕಾರ ಯೋಚಿಸಿ ಮಾಡಿದಾಗ ಕಥೆ ಬೇರೆಯಾಯಿತು. ಶಾಂತಿನಿಕೇತನದಲ್ಲಿ ಕಲಿತ ಗೋವೆಯ ಏಂಜೆಲೊ ಡ ಫೊನ್ಸೆಕಾ (1902–1967) ಮರಿಯಳನ್ನು ಸೀರೆಯುಟ್ಟ ನಾಡ ಹೆಣ್ಣಾಗಿ ಬರೆದದ್ದಕ್ಕೆ ಸ್ವಂತ ಊರಿನವರ ವಿರೋಧ ಎದುರಿಸಿ ಪುಣೆಯಲ್ಲಿ ನೆಲೆಸಬೇಕಾಯಿತು. ಹಚಿನ್ಸ್ ರಸ್ತೆಯಲ್ಲಿರುವ ಎನ್.ಬಿ.ಸಿ.ಎಲ್.ಸಿ. ಎಂಬ ಕಥೋಲಿಕ ಬೋಧನೆ-ಆರಾಧನೆಯ ಕೇಂದ್ರವನ್ನು 1967ರಲ್ಲಿ ಕಟ್ಟಿದ ಡಿ.ಎಸ್. ಅಮಲೋರ್ಪವದಾಸ್ ಗುರುಗಳು ಆರತಿ, ದೀಪ, ನೆಲದ ಮೇಲೆ ಕುಳಿತು ಮಾಡುವ ಪೂಜೆಗಳನ್ನು ಬೆಂಬಲಿಸಿದರು, ಸಿಲ್ವೇಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಇದೇ ಹುಡುಕಾಟವನ್ನು ಬಣ್ಣಗಳಲ್ಲಿ ಮುಂದುವರಿಸಿದರು. ಇದೆಲ್ಲ ನನಗೆ ಪ್ರಿಯವೇ. ಆದರೆ 1981ರಲ್ಲಿ ಇದೇ ಊರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ಬೆಳೆದ ದಲಿತ ದೈವಶಾಸ್ತ್ರದವರು ಕೇಳಿದ ಪ್ರಶ್ನೆ ಸಣ್ಣದಲ್ಲ: ಭಾರತೀಯ ಕ್ರಿಸ್ತನೆಂದರೆ ತಾವರೆಯ ಮೇಲೆ ಕುಳಿತ ಯೋಗಿಯೇ ಏಕಾಗಬೇಕು? ಸಭೆಯ ಬಹುಪಾಲು ಜನರ ಕೇರಿಯ ತಮಟೆ ಆ ಚಿತ್ರದಲ್ಲಿ ಏಕಿಲ್ಲ? ಸುಂದರವಾದ ಚಿತ್ರವೂ ಯಾರದೋ ಬಾಯಿಯ ಮೇಲೆ ಬೆರಳಿಟ್ಟಿರಬಹುದು.

ಅಪಾಯಗಳನ್ನು ಹೇಳದೆ ಬಿಟ್ಟರೆ ನಾನು ಪ್ರಾಮಾಣಿಕನಲ್ಲ. ಮಾರ್ಗದರ್ಶನ ಮಾಡತೊಡಗಿದ ಹೊಸತರಲ್ಲಿ ನಾನು ದೀಪ ಆರಿಸಿ, ಮೆಲ್ಲನೆ ಸಂಗೀತ ಹಾಕಿ, ಈಗ ಯೇಸು ನಿಮ್ಮ ಹೆಗಲ ಮೇಲೆ ಕೈಯಿಡುತ್ತಿದ್ದಾನೆ, ಈಗ ನಿಮ್ಮ ಕಣ್ಣೀರು ಒರೆಸುತ್ತಿದ್ದಾನೆ ಎಂದು ಹೇಳುತ್ತಾ ಹೋಗುತ್ತಿದ್ದೆ. ಜನ ಅಳುತ್ತಿದ್ದರು, ನನಗೆ ಹೆಮ್ಮೆಯಾಗುತ್ತಿತ್ತು. ಇಗ್ನೇಷಿಯಸ್ ಕೈಪಿಡಿಯ ಮೊದಲ ಪುಟಗಳಲ್ಲೇ ಇದನ್ನು ಬೇಡವೆಂದಿದ್ದಾನೆ: ಮಾರ್ಗದರ್ಶಕ ಪ್ರಸಂಗವನ್ನು ಚುಟುಕಾಗಿ, ಇದ್ದದ್ದು ಇದ್ದಂತೆ ಹೇಳಿ ಸರಿಯಬೇಕು, ಏಕೆಂದರೆ ಬಹಳ ತಿಳಿಯುವುದರಿಂದ ಆತ್ಮಕ್ಕೆ ತೃಪ್ತಿಯಿಲ್ಲ, ತಾನೇ ಒಳಗೆ ಸವಿದದ್ದರಿಂದ ತೃಪ್ತಿ. ನಿಮಗೆ ಹಾಳೆ ಕೊಟ್ಟು ಸುಮ್ಮನಾದವರು ನನಗಿಂತ ತಿಳಿದವರು. ದೊಡ್ಡ ಆಘಾತದಿಂದ ಚೇತರಿಸಿಕೊಳ್ಳುತ್ತಿರುವವರು, ಇಲ್ಲದ ದನಿಗಳು ಕೇಳಿಸಿ ಬಳಲುತ್ತಿರುವವರು ಈ ಬಗೆಯ ಪ್ರಾರ್ಥನೆಗೆ ಒಬ್ಬರೇ ಇಳಿಯಬಾರದು. ಅವರಿಗೆ ವೈದ್ಯರ ಸಲಹೆ ಮೊದಲು.

ಇನ್ನೊಂದು ತುದಿಯಲ್ಲಿ, ಚಿತ್ರಗಳು ತಾವಾಗಿ ನಿಂತುಹೋಗುವ ಕಾಲವೂ ಬರುತ್ತದೆ. ರೂಪಗಳಿಗೆ ಅಂಟಿಕೊಳ್ಳಬೇಡ, ಬಿಟ್ಟು ಮುಂದೆ ನಡೆ ಎಂದು ಅತ್ಯಂತ ಕಟುವಾಗಿ ಬೋಧಿಸಿದವನು ತೆರೇಸಾಳ ಕಾಲದವನೇ ಆದ ಸನ್ಯಾಸಿ, ಶಿಲುಬೆಯ ಯೋಹಾನ. ಹಾಗೆ ಬೋಧಿಸಿದವನೇ ಕವಿಯಾಗಿದ್ದನು, ಮತ್ತು ಶಿಲುಬೆಗೇರಿದ ಕ್ರಿಸ್ತನನ್ನು ಮೇಲಿನಿಂದ, ಓರೆಯಾಗಿ ಕಂಡಂತೆ ಅವನು ಬರೆದ ಅಂಗೈಯಗಲದ ಲೇಖನಿ ಚಿತ್ರ ಅವಿಲಾದಲ್ಲಿ ಇಂದಿಗೂ ಇದೆ. ಬಿಡುವುದನ್ನು ಕಲಿಸಿದವನು ಬರೆದು ಬಿಟ್ಟನು.

ಮುಂದೆ ಏನು ಮಾಡಬೇಕೆಂದರೆ, ವ್ಯವಸ್ಥೆ ದೊಡ್ಡದು ಬೇಡ. ಒಂದು ಪ್ರಸಂಗವನ್ನು ಎರಡು ಸಲ, ಎರಡನೆಯ ಸಲ ಗಟ್ಟಿಯಾಗಿ ಓದಿ. ನೋಡಲು ಹೋಗಬೇಡಿ, ಕೇಳಿ: ಧೂಳಿನ ದಾರಿಯ ಗದ್ದಲ, ಭಿಕ್ಷುಕನ ಕೂಗು, ಅವನು ಬಟ್ಟೆ ಬಿಸಾಡಿ ಎದ್ದ ಸದ್ದು. ಪ್ರಸಂಗ ನಡೆದ ಯೆರಿಕೋ ಪಟ್ಟಣ ತಿಳಿಯದಿದ್ದರೆ ಕೆ.ಆರ್. ಮಾರುಕಟ್ಟೆಯ ಬೆಳಗಿನ ಗದ್ದಲವನ್ನು ಎರವಲು ಪಡೆಯಿರಿ, ಆದರೆ ಆಡುವ ಮಾತುಗಳು ಮಾರ್ಕನವೇ ಇರಲಿ. ಕೈ ಬೇಡಿದರೆ ಬಣ್ಣ ಹಿಡಿಯಿರಿ. ಕೊನೆಗೆ ಒಬ್ಬ ಸ್ನೇಹಿತ ಇನ್ನೊಬ್ಬನೊಡನೆ ಮಾತಾಡುವಂತೆ ಎರಡು ಮಾತು ಆಡಿ ಎದ್ದುಬಿಡಿ. ಚಿತ್ರ ಚೆನ್ನಾಗಿ ಬಂತೇ ಎಂದು ನೋಡುವುದು ಬೇಡ.

ಬರೆದ ಹಾಳೆಗೆ ಚೌಕಟ್ಟು ಹಾಕಿಸಬೇಡಿ, ಹರಿಯಲೂ ಬೇಡಿ. ಮಾರ್ಕನ 10ನೆಯ ಅಧ್ಯಾಯದ ಪುಟದಲ್ಲಿ ಮಡಿಸಿಡಿ. ಆ ಹೆಂಗಸು ಯಾರನ್ನು ಸುಮ್ಮನಿರಿಸುತ್ತಿದ್ದಾಳೆಂದು ನಾನು ಹೇಳುವುದಿಲ್ಲ, ಹೇಳಿದರೆ ನನ್ನ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. ಆದರೆ ಬಾರ್ತಿಮಾಯನ ಕೂಗಿಗೆ ಯೇಸು ನಿಂತನು, ಅವನನ್ನು ಕರೆಯಿರಿ ಎಂದು ಹೇಳಿದ್ದು ಅವನನ್ನು ಗದರಿಸುತ್ತಿದ್ದ ಅದೇ ಗುಂಪಿಗೆ, ಮತ್ತು ಧೈರ್ಯವಾಗಿರು, ಏಳು ಎಂದು ಕುರುಡನಿಗೆ ಹೇಳಿದ್ದು ಆ ಗುಂಪಿನವರೇ. ಇದನ್ನು ಓದಿದ ಮೇಲೆ ನಿಮ್ಮ ಪತ್ರದ ಕೊನೆಯಲ್ಲಿ, ಕಂಸದೊಳಗೆ, ಕ್ಷಮೆ ಕೇಳಿ ಬರೆದಿರುವ ಸಾಲನ್ನು ನೀವೇ ಇನ್ನೊಮ್ಮೆ ಓದಿ.